ಅತ್ತೆಯ ಲಾಂಡ್ರಿ ಯಾತ್ರೆಗಳು

ಹೊಸ ಊರಿಗೆ ಹೋದವರು ಅಲ್ಲಿನ ದೇವಸ್ಥಾನ ನೋಡುತ್ತಾರೆ, ಕೋಟೆ ನೋಡುತ್ತಾರೆ, ಸೀರೆ ಅಂಗಡಿಯನ್ನಂತೂ ನೋಡಿಯೇ ನೋಡುತ್ತಾರೆ. ನಮ್ಮ ಸೋದರತ್ತೆ ಲಾಂಡ್ರಿ ನೋಡುತ್ತಾರೆ. ದೊಡ್ಡ ದೊಡ್ಡ ನಗರಗಳನ್ನೆಲ್ಲ ಅವರು ಹಿಂಬಾಗಿಲಿನಿಂದಲೇ, ಅಂದರೆ ಬಟ್ಟೆ ಒಗೆಯುವ ಕಡೆಯಿಂದಲೇ ಬಲ್ಲರು.

ಇದೇನೂ ಹುಟ್ಟುಗುಣವಲ್ಲ. ಅತ್ತೆ ಸರ್ಕಾರಿ ಕಚೇರಿಯ ಲೆಕ್ಕಪತ್ರ ವಿಭಾಗದಲ್ಲಿದ್ದು ನಿವೃತ್ತರಾದವರು. ಮದುವೆಯಾಗಲಿಲ್ಲ, ಮೈಸೂರಿನ ಸರಸ್ವತಿಪುರಂನಲ್ಲಿ ಒಬ್ಬರೇ ಇದ್ದಾರೆ. ಅವರ ಬೀದಿಯ ಕೊನೆಗೊಂದು ಲಾಂಡ್ರಿ. ಅಲ್ಲಿ ಇಸ್ತ್ರಿ ಮಾಡುವ ಜಯಮ್ಮ ಕೆಲಸ ಮುಗಿಸಿ, ಅತ್ತೆಯ ಮನೆಯಲ್ಲಿ ಕಾಫಿ ಕುಡಿದು, ಆಮೇಲೆ ವಿದ್ಯಾರಣ್ಯಪುರಂ ಬಸ್ಸು ಹಿಡಿಯುತ್ತಿದ್ದರು. ಒಂದು ಬಸ್ಸು ತಪ್ಪಿಹೋಗುವಷ್ಟು ಮಾತು ದಿನವೂ ಇರುತ್ತಿತ್ತು.

ಹೋದ ವರ್ಷ ಒಂದು ಸಂಜೆ ಜಯಮ್ಮ ಲೋಟ ಕೆಳಗಿಟ್ಟು ಹೇಳಿದರು: "ಅಮ್ಮ, ನಮ್ಮೆಜಮಾನ್ರ ಅಣ್ಣ ಪುಣೇಲವ್ರೆ. ಅಲ್ಲಿ ಓಟ್ಲು ಲಾಂಡ್ರೀಲಿ ನಮ್ಮಿಬ್ರಿಗೂ ಕೆಲ್ಸ ಐತಂತೆ. ಸಂಬ್ಳ ಇಲ್ಲಿಗಿಂತ ಡಬಲ್ಲು. ಓಗ್ಬುಡೋದಾ?"

ಡಬಲ್ ಅಂದಮೇಲೆ ಇನ್ನು ಕೇಳುವುದೇನಿದೆ? ಅಲ್ಲೇ ಕೂತಿದ್ದ ನಾನು, "ಹೋಗಿ ಜಯಮ್ಮ" ಎಂದುಬಿಟ್ಟೆ. ಅತ್ತೆ ನನ್ನನ್ನು, ಸಹಿಯಿಲ್ಲದ ವೋಚರು ತಂದ ಗುಮಾಸ್ತನನ್ನು ನೋಡುವಂತೆ ನೋಡಿದರು.

"ಸಂಬಳ ಡಬಲ್, ಸರಿ. ಬಾಡಿಗೆ ಎಷ್ಟು ಪಟ್ಟು? ಅಕ್ಕಿ? ಬಸ್ಸು?"

"ಅದ್ನ ಅವ್ರು ಯೋಳ್ನಿಲ್ಲ."

"ಹೇಳಲ್ಲ ಕಣಮ್ಮ. ಸಂಬಳ ಎಲ್ಲರೂ ಹೇಳ್ತಾರೆ, ಖರ್ಚು ಯಾರೂ ಹೇಳಲ್ಲ. ತಾಳು, ವಿಚಾರಿಸ್ತೀನಿ."

ವಿಚಾರಿಸುವುದೆಂದರೆ ನಿಮ್ಮ ನಮ್ಮಂಥವರಿಗೆ ಒಂದು ಫೋನು. ಅತ್ತೆ ರೈಲು ಟಿಕೆಟ್ ತೆಗೆಸಿದರು. ಪುಣೆಯಲ್ಲಿ ದೂರದ ನೆಂಟರ ಮದುವೆಯೊಂದಿತ್ತು. ಮಂಡಿನೋವೆಂದು ಬರುವುದಿಲ್ಲ ಅಂದಿದ್ದವರು, ಮಂಡಿ ವಾಸಿಯಾಯಿತೆಂದು ಹೊರಟೇಬಿಟ್ಟರು. ಜೊತೆಗೆ ನಾನು.

ಧಾರೆಯ ಹೊತ್ತಿಗೆ ಅತ್ತೆ ಕಾಣೆ. ಎಲ್ಲ ಕಡೆ ಹುಡುಕಿ, ಕೊನೆಗೆ ಮದುವೆ ನಡೆಯುತ್ತಿದ್ದ ಹೋಟೆಲಿನ ನೆಲಮಾಳಿಗೆಯ ಲಾಂಡ್ರಿಗೆ ಇಳಿದೆ. ರೇಷ್ಮೆ ಸೀರೆಯುಟ್ಟ ನಮ್ಮ ಅತ್ತೆ ಅಲ್ಲಿ ಬೆಡ್‌ಶೀಟಿನ ಒಂದು ತುದಿ ಹಿಡಿದು ನಿಂತಿದ್ದರು. ಇನ್ನೊಂದು ತುದಿ ಒಬ್ಬ ಮರಾಠಿ ಹೆಂಗಸಿನ ಕೈಯಲ್ಲಿ. ಅತ್ತೆಗೆ ಬರುವ ಹಿಂದಿಯೇ ಎರಡು ಪದ, 'ಕಿತನಾ' ಮತ್ತು 'ಅಚ್ಛಾ'. ಅಷ್ಟರಲ್ಲೇ ಆ ಹೆಂಗಸಿನ ಸಂಬಳ, ಖೋಲಿಯ ಬಾಡಿಗೆ, ಮಗಳ ಟ್ಯೂಷನ್ ಫೀಸು ಎಲ್ಲ ತಿಳಿದುಕೊಂಡಾಗಿತ್ತು.

"ಅತ್ತೆ, ಅಲ್ಲಿ ಧಾರೆ ಆಗ್ತಿದೆ."

"ಅದು ನಾನಿಲ್ದೇನೂ ಆಗತ್ತೆ ಬಿಡು. ಈ ಶೀಟು ಒಬ್ಬರ ಕೈಲಿ ಮಡಿಸಕ್ಕಾಗಲ್ಲ."

ಪುಣೆಯ ತೀರ್ಪು: ಸಂಬಳ ಎರಡು ಪಟ್ಟು, ಬಾಡಿಗೆ ಮೂರು ಪಟ್ಟು, ಕೆಲಸಕ್ಕೆ ಹೋಗಲು ಎರಡು ಬಸ್ಸು. ತಿಂಗಳ ಕೊನೆಗೆ ಕೈಯಲ್ಲಿ ಉಳಿಯುವುದು ಮೈಸೂರಿಗಿಂತ ಕಡಿಮೆ. ಜಯಮ್ಮ ಹೋಗಲಿಲ್ಲ.

ಅಲ್ಲಿಗೆ ಮುಗಿಯಬೇಕಿತ್ತಲ್ಲವೆ? ಅತ್ತೆಗೆ ರುಚಿ ಹತ್ತಿತ್ತು. ಪುಣೆ ಹೀಗಾದರೆ ಬೆಂಗಳೂರು ಹೇಗೆ? ನೆಂಟರ ಗೃಹಪ್ರವೇಶದ ನೆಪದಲ್ಲಿ ಅಲ್ಲಿಗೂ ಹೋದೆವು. ಅಲ್ಲಿನ ಲಾಂಡ್ರಿಯೊಂದರ ಮಾಲೀಕ ಇವರ ಕನ್ನಡಕ, ಕೈಚೀಲ, ಪ್ರಶ್ನೆಗಳನ್ನು ನೋಡಿ ಕಾರ್ಮಿಕ ಇಲಾಖೆಯವರೆಂದೇ ತಿಳಿದ. ಕುರ್ಚಿ ಒರೆಸಿದ, ಎಳನೀರು ತರಿಸಿದ. "ನಾನು ಯಾರೂ ಅಲ್ಲಪ್ಪ, ಸುಮ್ನೆ ಕೇಳ್ತಿದೀನಿ" ಎಂದಷ್ಟೂ ಹೆಚ್ಚು ಬೆವರಿದ. ಅತ್ತೆ ಎಳನೀರು ಕುಡಿದು ಎದ್ದು, "ಹೆದರಿ ಹೇಳಿದ ಸಂಬಳ ಲೆಕ್ಕಕ್ಕೆ ಬರಲ್ಲ" ಎಂದು ಹಿಂದಿನ ಗಲ್ಲಿಯಲ್ಲಿ ಕೆಲಸದವರನ್ನೇ ಮಾತಾಡಿಸಿ ಬಂದರು. ಬೆಂಗಳೂರೂ ಮೈಸೂರಿಗೆ ಸೋತಿತು.

"ಜಯಮ್ಮ ಹೋಗಲ್ಲ ಅಂದಾಯ್ತಲ್ಲ, ಇನ್ನೂ ಯಾಕೆ?" ಎಂದು ಕೇಳಿದೆ.

"ಯಾಕೆ ಅಂದ್ರೆ? ಗೊತ್ತಿಲ್ವಲ್ಲ, ಅದಕ್ಕೆ."

ಆಮೇಲೆ ಬಂತು ಕೊಯಮತ್ತೂರು. ಈ ಸಲ ನಿಜವಾಗಿಯೂ ಅತ್ತೆಯ ಕಣ್ಣಿನ ತಪಾಸಣೆ. ಆಸ್ಪತ್ರೆಯಲ್ಲಿ ಕಣ್ಣಿಗೆ ಔಷಧಿ ಬಿಟ್ಟು ಕೂರಿಸಿದ್ದರು. ಎದುರಿಗಿದ್ದ ನಾನೇ ಅವರಿಗೆ ಮಂಜು ಮಂಜು. ಕಾಫಿ ತರಲು ಹೋಗಿ ಬರುವಷ್ಟರಲ್ಲಿ ಕುರ್ಚಿ ಖಾಲಿ. ಕಣ್ಣು ಕಾಣದಿದ್ದರೇನು, ಮೂಗಿಲ್ಲವೆ? ಸೋಪಿನ ವಾಸನೆ ಹಿಡಿದು, ಗೋಡೆ ತಡವುತ್ತಾ, ಆಸ್ಪತ್ರೆಯ ಲಾಂಡ್ರಿ ಸೇರಿಕೊಂಡಿದ್ದರು.

ಅಲ್ಲಿ ಸಂಬಳ ಮೈಸೂರಿಗಿಂತ ತುಸುವೇ ಹೆಚ್ಚು. ಆದರೆ ಹಿಂಬದಿಯಲ್ಲೇ ಇರಲು ಕೋಣೆ, ಅದಕ್ಕೆ ಬಾಡಿಗೆಯಿಲ್ಲ. ಮಧ್ಯಾಹ್ನದ ಊಟ ಅಲ್ಲೇ. ಬಸ್ಸು ಬೇಕಿಲ್ಲ. ಇನ್ನಿಬ್ಬರು ಬೇಕೆಂದು ಮೇಲ್ವಿಚಾರಕರು ಬೇರೆ ಹೇಳಿದರು.

ವಾಪಸು ಬರುವಾಗ ಘಾಟಿಯುದ್ದಕ್ಕೂ ಅತ್ತೆ ಬೆರಳೆಣಿಸಿ ಅದೇ ಲೆಕ್ಕವನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಮರುದಿನದಿಂದ ನನಗೆ ಫೋನುಗಳು ಶುರುವಾದವು.

"ಅಲ್ಲಿ ಸೆಕೆ ಕಣೋ. ಫ್ಯಾನು ಹಗಲೂರಾತ್ರಿ ತಿರುಗಬೇಕು. ಕರೆಂಟ್ ಬಿಲ್ ಬರಲ್ವಾ?"

"ಕರೆಂಟೂ ಅವರದೇ ಅಂದ್ರಲ್ಲ ಅತ್ತೆ."

"ಭಾಷೆ ಬರಲ್ವಲ್ಲ. ಅದಕ್ಕೇನಾದ್ರೂ ಕಳೀಬೇಕು."

"ಜಯಮ್ಮ ಕೊಳ್ಳೇಗಾಲದ ಕಡೆಯವರು. ತಮಿಳು ಚೆನ್ನಾಗಿ ಬರತ್ತೆ."

"ನೀನು ಸುಮ್ನಿರು" ಎಂದು ಫೋನ್ ಇಟ್ಟರು. ಮೂವತ್ತು ವರ್ಷ ಸರ್ಕಾರದ ಲೆಕ್ಕ ಬರೆದವರು ಮೊದಲ ಬಾರಿಗೆ ಒಂದು ಲೆಕ್ಕವನ್ನು ತಪ್ಪಿಸಲು ನೋಡುತ್ತಿದ್ದರು. ಲೆಕ್ಕ ಮಾತ್ರ ಬಗ್ಗಲಿಲ್ಲ.

ವಾರದ ಮೇಲೆ, ಸಂಜೆ ನಾನು ಹೋದಾಗ ಅತ್ತೆ ಜಯಮ್ಮನಿಗೆ ಎಲ್ಲವನ್ನೂ ಹೇಳುತ್ತಿದ್ದರು. ಕೋಣೆ, ಊಟ, ಉಳಿತಾಯ, ಒಂದನ್ನೂ ಬಿಡಲಿಲ್ಲ. ಜಯಮ್ಮ ಖಾಲಿ ಲೋಟವನ್ನು ಸುಮ್ಮನೆ ತಿರುಗಿಸುತ್ತಿದ್ದರು.

"ಅಮ್ಮ, ಎಲ್ಲಾನೂವೆ ಸೇರ್ಸಿದ್ದೀರಾ?"

"ಎಲ್ಲಾ ಸೇರಿಸಿದೀನಿ."

"ನೀವು ಒಬ್ರೇ ಆಗ್ಬುಡ್ತೀರಲ್ಲ, ಅದು?"

"ಅದು ನಿನ್ನ ಖರ್ಚಲ್ಲ ಕಣಮ್ಮ" ಎಂದು ಅತ್ತೆ ಎದ್ದು ಅಡುಗೆಮನೆಗೆ ಹೋದರು. ಒಲೆಯ ಮೇಲೆ ಏನೂ ಇರಲಿಲ್ಲ.

ತಿಂಗಳು ತುಂಬುತ್ತಲೇ ಜಯಮ್ಮ, ಅವರ ಯಜಮಾನರು ಹೊರಟರು. ಅತ್ತೆ ಆಮೇಲೆ ಯಾವ ಊರಿನ ಸಂಬಳವನ್ನೂ ವಿಚಾರಿಸಲಿಲ್ಲ. ಮೊನ್ನೆ ಇದ್ದಕ್ಕಿದ್ದಂತೆ, "ಕೊಯಮತ್ತೂರಲ್ಲಿ ಬೆಲೆ ಏರಿರಬಹುದು. ಒಂದ್ಸಲ ನೋಡ್ಕೊಂಡು ಬರೋಣ" ಎಂದರು.

ಆಸ್ಪತ್ರೆಯ ಲಾಂಡ್ರಿಯ ಬಾಗಿಲಿಗೆ ಜಯಮ್ಮ ಬೆವರು ಒರೆಸಿಕೊಳ್ಳುತ್ತಾ ಬಂದರು. ಮೈ ತುಂಬಿಕೊಂಡಿದ್ದರು. ನಮ್ಮನ್ನು ಕಂಡು ನಕ್ಕು, "ಇವತ್ತೇನು ಇಚಾರ್ಸಕೆ ಬಂದ್ರಿ ಅಮ್ಮ? ಸಂಬ್ಳ ಅಷ್ಟೇ ಐತೆ" ಎಂದರು.

ಅತ್ತೆ ಅವರ ಎರಡೂ ಕೈ ಹಿಡಿದುಕೊಂಡರು.

"ಊಟ ಆಯ್ತಾ ಜಯಮ್ಮ?"