ನಾನು ಕಲಿಸಿದ ಇನ್‌ಫೀರಿಯರ್

ಏನಾಗಿರಬಹುದು, ಊಹಿಸಿ ನೋಡೋಣ. ದೇವನಹಳ್ಳಿಯಲ್ಲಿ ಒಂದು ಅಂಗಡಿಯ ಮುಂದೆ ಕಾರು ನಿಂತಿತು. ಗಂಡು ನೋಡಲು ಬಂದ ಹೆಣ್ಣಿನ ಕಡೆಯವರು ಇಳಿದರು. ಗಂಡು ಇಸ್ತ್ರಿ ಮುರಿಯದ ಅಂಗಿ ತೊಟ್ಟು ಬಾಗಿಲಲ್ಲೇ ಕೈಮುಗಿದು ನಿಂತಿದ್ದ. ಬಂದವರು ಅವನನ್ನು ನೋಡಲಿಲ್ಲ. ಅವನ ತಲೆಯ ಮೇಲುಗಡೆ ಏನನ್ನೋ ನೋಡಿದರು. ನೋಡಿದವರು ತಿರುಗಿ ಕಾರಿನ ಕಡೆ ಹೊರಟರು. ಯಾಕೆ? ಹಲ್ಲಿ ಲೊಚಗುಟ್ಟಿತೇ? ಇಲ್ಲ. ಗಂಡಿಗೆ ಕೂದಲಿರಲಿಲ್ಲವೇ? ಬೇಕಾದಷ್ಟಿತ್ತು.

ಹೇಳಿಬಿಡುತ್ತೇನೆ, ಆದರೆ ಮೊದಲಿನಿಂದ ಹೇಳಬೇಕು. ಹಳ್ಳಿ ಹೈಸ್ಕೂಲಿನಲ್ಲಿ ಇಂಗ್ಲಿಷ್ ಮೇಷ್ಟ್ರಾದವನಿಗೆ ಇಂಥವು ನಡೆಯುತ್ತಲೇ ಇರುತ್ತವೆ. ನನಗಂತೂ ಒಂದೇ ಒಂದು ಪದ ಗಂಟುಬಿದ್ದು, ನಿವೃತ್ತಿಯಾದ ಮೇಲೂ ಬಿಡಲಿಲ್ಲ. ಇನ್‌ಫೀರಿಯರ್. ಕೆಳದರ್ಜೆಯದು, ಗುಣದಲ್ಲಿ ಕಡಿಮೆಯದು ಎಂದರ್ಥ. ಅಷ್ಟೇ ಆಗಿದ್ದರೆ ಎಷ್ಟು ಚೆನ್ನಾಗಿತ್ತು!

ಎಲ್ಲರೂ ಹೇಳಿ

ದೊಡ್ಡಬೆಳವಂಗಲದಿಂದ ಒಳಕ್ಕಿರುವ ಹಳ್ಳಿಯ ಶಾಲೆ. ಅವತ್ತು ವ್ಯಾಕರಣದ ಪಾಠ. ಬೇರೆ ಕಡೆ ಹೋಲಿಸುವಾಗ 'ದ್ಯಾನ್' ಬರುತ್ತೆ, ಆದರೆ ಇನ್‌ಫೀರಿಯರ್ ಬಂದ ಕಡೆ 'ಟು' ಬರಬೇಕು ಎಂದು ಅರ್ಧ ಗಂಟೆ ಅರೆದು ಕುಡಿಸಿ, ಒಂದು ವಾಕ್ಯ ಮಾಡಿ ಎಂದೆ.

ಈ ಕತೆಯ ಗಂಡು, ಅಂದರೆ ನನ್ನ ಶಿಷ್ಯ, ಆಗ ಒಂಬತ್ತನೇ ಕ್ಲಾಸು. ನನ್ನನ್ನು ಖುಷಿಪಡಿಸೋಣ ಅಂತ ಎದ್ದು ನಿಂತು ಗಟ್ಟಿಯಾಗಿ ಹೇಳಿದ: "ಹೆಡ್‌ಮಾಸ್ಟರ್ ಈಸ್ ಇನ್‌ಫೀರಿಯರ್ ದ್ಯಾನ್ ಯೂ, ಸಾರ್."

ನನಗೆ ಕೇಳಿಸಿದ್ದು ಆ 'ದ್ಯಾನ್' ಒಂದೇ! ಮೈಯೆಲ್ಲ ಉರಿದುಹೋಯಿತು. "ದ್ಯಾನ್ ಅಲ್ಲ ಕಣೋ, ಟು! ಹೆಡ್‌ಮಾಸ್ಟರ್ ಈಸ್ ಇನ್‌ಫೀರಿಯರ್ ಟು ಮೀ. ಎಲ್ಲರೂ ಹೇಳಿ!"

ನಲವತ್ತು ಮಕ್ಕಳು ಹೆಂಚು ಹಾರುವ ಹಾಗೆ ಹೇಳಿದರು. "ಇನ್ನೂ ಗಟ್ಟಿಯಾಗಿ!" ಎಂದೆ. ಮೂರನೇ ಸಲ ಹೇಳುವಾಗ ಮಕ್ಕಳ ದನಿ ಇದ್ದಕ್ಕಿದ್ದಂತೆ ಅಡಗಿತು. ತಿರುಗಿ ನೋಡಿದರೆ ಬಾಗಿಲಲ್ಲಿ ಹೆಡ್‌ಮಾಸ್ಟರು.

ಅವರು ಬಹಳ ಸಮಾಧಾನದಿಂದ ಹೇಳಿದರು: "ವ್ಯಾಕರಣ ಸರಿಯಾಗಿದೆ ಮೇಷ್ಟ್ರೇ. ಅರ್ಥವನ್ನ ನನ್ನ ರೂಮಿಗೆ ಬಂದು ಹೇಳಿ."

ಆ ಸಿಟ್ಟನ್ನೆಲ್ಲ ಹುಡುಗನ ಮೇಲೆ ತೀರಿಸಿಕೊಂಡೆ. 'ಇನ್‌ಫೀರಿಯರ್ ಟು' ಅಂತ ಬಾಯಲ್ಲಿ ಹೇಳಿಕೊಳ್ಳುತ್ತಾ ನೂರು ಸಲ ಬರೆದು ತಾ ಎಂದೆ. ಅವನು ಮನೆಯಲ್ಲಿ ಕೂತು ಬರೆದ. ಪಕ್ಕದಲ್ಲಿ ಅವರಮ್ಮ ರಾಗಿ ಕೇರುತ್ತಿದ್ದರು. ನೂರಕ್ಕೆ ನೂರೂ ಆಯಮ್ಮನ ಕಿವಿಗೆ ಬಿತ್ತು. ಇದನ್ನು ನೆನಪಿಟ್ಟುಕೊಳ್ಳಿ.

ಮಳೆಗಾಲದಲ್ಲಿ

ಆ ಊರಿಗೆ ಬಸ್ಸಿರಲಿಲ್ಲ. ಮೂಲೆಯಲ್ಲಿರುವ ಹಳ್ಳಿಯನ್ನು ನಮ್ಮ ಕಡೆ 'ಇಂಟೀರಿಯರ್' ಅನ್ನುವುದು ವಾಡಿಕೆ. ಕಾಲೇಜು ಮೆಟ್ಟಿಲು ಹತ್ತಿದ್ದ ನನ್ನ ಶಿಷ್ಯನೇ ಊರ ಪರವಾಗಿ ಇಂಗ್ಲಿಷಿನಲ್ಲಿ ಅರ್ಜಿ ಬರೆದ. ನೂರು ಸಲ ಬರೆದ ಕೈ, ಕೇಳಬೇಕೇ? 'ನಮ್ಮದು ಅತ್ಯಂತ ಇನ್‌ಫೀರಿಯರ್ ಹಳ್ಳಿ' ಎಂದು ಬರೆದುಬಿಟ್ಟ. ಊರಿಗೆ ಊರೇ ಕೆಳಗೆ ರುಜು ಹಾಕಿತು, ಬಾರದವರು ಹೆಬ್ಬೆಟ್ಟು ಒತ್ತಿದರು.

ಅರ್ಜಿ ಓದಿದ ಅಧಿಕಾರಿ ಊರ ಯಜಮಾನರನ್ನು ಮೇಲಿಂದ ಕೆಳಗೆ ನೋಡಿ, "ಅಷ್ಟೊಂದು ಇನ್‌ಫೀರಿಯರ್ರಾ ಯಜಮಾನ್ರೇ ನಿಮ್ಮೂರು?" ಎಂದರಂತೆ.

ಯಜಮಾನರು ಕೈಮುಗಿದು, "ಹೂಂ ಸ್ವಾಮಿ, ಮಳೆಗಾಲದಲ್ಲಂತೂ ಇನ್ನೂ ಜಾಸ್ತಿ" ಎಂದರು.

ಬಸ್ಸು ಬಂತು. ಕಿಟಕಿಗೆ ಗಾಜಿರಲಿಲ್ಲ, ಹಾರನ್ ಒಂದು ಬಿಟ್ಟು ಉಳಿದದ್ದೆಲ್ಲ ಸದ್ದು ಮಾಡುತ್ತಿತ್ತು. ಅರ್ಜಿಯಲ್ಲಿ ಕೇಳಿದ್ದನ್ನೇ ಕಳಿಸಿದ್ದಾರೆ ಎಂದುಕೊಂಡೆ.

ನಾನಲ್ದೆ ಇನ್ಯಾರು?

ವಿಮಾನ ನಿಲ್ದಾಣ ಬಂತು. ಸುತ್ತ ಮನೆಗಳ ಮೇಲೆ ಮನೆಗಳೆದ್ದವು. ನನ್ನ ಶಿಷ್ಯ ಮನೆಗಳ ಒಳಗಿನ ಅಲಂಕಾರ ಮಾಡುವ ಕೆಲಸ ಹಿಡಿದ. ಸೀಲಿಂಗು, ವಾರ್ಡ್‌ರೋಬು, ಮಾಡ್ಯುಲರ್ ಕಿಚನ್ನು. ಆ ಕೆಲಸಕ್ಕೂ ಇಂಟೀರಿಯರ್ ಅಂತಲೇ ಹೆಸರು. ದೇವನಹಳ್ಳಿಯಲ್ಲಿ ಅಂಗಡಿ ಇಟ್ಟ. ನಿವೃತ್ತನಾಗಿ ನಾನೂ ಅಲ್ಲೇ ಮನೆ ಮಾಡಿದ್ದೆ. ಹುಡುಗನಿಗೆ ಮೂವತ್ತು ದಾಟಿತು, ಒಂದು ಕೊರತೆಯೂ ಇಲ್ಲ, ಆದರೆ ಮದುವೆ ಮಾತ್ರ ಕೂಡಿಬರಲೊಲ್ಲದು.

ಯಾಕೆಂದು ನನಗೆ ತಿಳಿದದ್ದು ಜಡಿಗೇನಹಳ್ಳಿ ಕಡೆಯವರು ಬಂದಾಗ. ನಾನೂ ಹೋಗಿ ಕೂತಿದ್ದೆ. ಹೆಣ್ಣಿನ ತಂದೆ, ಓದಿಕೊಂಡವರು, "ಹುಡುಗ ಏನು ಮಾಡ್ತಾನಮ್ಮಾ?" ಎಂದು ಕೇಳಿದರು.

ಶಿಷ್ಯನ ತಾಯಿ ಸೆರಗು ಸರಿಮಾಡಿಕೊಂಡು, ಹೆಮ್ಮೆಯಿಂದ, "ನನ್ನ ಮಗ ಇನ್‌ಫೀರಿಯರ್ ಕಣಪ್ಪಾ" ಎಂದರು.

ಅವರು ಬೆಚ್ಚಿಬಿದ್ದರು. "ಅಯ್ಯೋ, ಹೆತ್ತೋರು ಹಂಗನ್ಬಾರ್ದಮ್ಮಾ!"

"ನಾನಲ್ದೆ ಇನ್ಯಾರಪ್ಪಾ ಹೇಳ್ಬೇಕು? ನಮ್ಮ ವಂಶದಾಗೆ ಇಂಥ ಇನ್‌ಫೀರಿಯರ್ ಇನ್ನೊಬ್ಬ ಹುಟ್ಟಿಲ್ಲ. ಬೇಕಾರೆ ಇವ್ರನ್ನೇ ಕೇಳಿ, ಕಲಿಸಿದ ಮೇಷ್ಟ್ರು ಇಲ್ಲೇ ಅವ್ರೆ!"

ನಾನು ಬಾಯಿ ತೆರೆಯುವಷ್ಟರಲ್ಲಿ ಅವರು ಕಾಫಿ ಲೋಟ ಅರ್ಧಕ್ಕೇ ಇಟ್ಟು ಎದ್ದಿದ್ದರು. ವಿಚಾರಿಸಿದರೆ ಅದಕ್ಕೂ ಮೊದಲು ಬಂದಿದ್ದ ಮೂರು ಸಂಬಂಧಗಳೂ ಅದೇ ಕಾಫಿಯ ಹಂತದಲ್ಲೇ ಎದ್ದು ಹೋಗಿದ್ದವಂತೆ.

"ಘಾಟಿ ಸುಬ್ರಹ್ಮಣ್ಯಕ್ಕೆ ಹರಕೆ ಹೊತ್ತಿವ್ನಿ ಮೇಷ್ಟ್ರೇ, ಇನ್ನೇನು ಮಾಡ್ಲಿ?" ಎಂದು ಆ ತಾಯಿ ಕಣ್ಣೊರೆಸಿಕೊಂಡರು. ಇಂಟೀರಿಯರ್ ಅನ್ನಿ ತಾಯಿ, ಅದು ಬೇರೆ, ಇದು ಬೇರೆ ಎಂದು ಎಷ್ಟು ಹೇಳಿಕೊಟ್ಟರೂ "ಅದನ್ನೇ ಅಲ್ವಾ ನಾನೂ ಅಂದಿದ್ದು?" ಅನ್ನುತ್ತಿದ್ದರು.

ಕೊನೆಗೆ ನಾನೇ ಶಿಷ್ಯನಿಗೆ ಉಪಾಯ ಹೇಳಿದೆ. "ಅಂಗಡಿಗೆ ದೊಡ್ಡದಾಗಿ ಒಂದು ಬೋರ್ಡು ಹಾಕಿಸೋ. ಹೆಣ್ಣಿನ ಕಡೆಯೋರು ನೇರ ಅಂಗಡಿಗೇ ಬರಲಿ. ನಿಮ್ಮಮ್ಮ ಬಾಯೇ ಬಿಡೋದು ಬೇಡ, ಬೋರ್ಡು ಮಾತಾಡಲಿ."

ಬೋರ್ಡು ಮಾತಾಡಿತು

ಕೆಲವು ದಿನ ಕಳೆದು ಮಧ್ಯಾಹ್ನ ಒಂದು ಫೋನು. ನಮ್ಮ ಮನೆ ಇರುವುದು ವಿಮಾನ ಇಳಿಯುವ ದಾರಿಯಲ್ಲಿ. ಐದು ನಿಮಿಷಕ್ಕೊಮ್ಮೆ ನೆತ್ತಿಯ ಮೇಲೆ ಗುಡುಗು. ಆ ಗುಡುಗಿನ ಮಧ್ಯೆ ಯಾರೋ, "ಸಾರ್, ನಿಮ್ಮ ಶಿಷ್ಯರು ನಿಮ್ಮನ್ನೇ ಕೇಳು ಅಂದ್ರು. ಇನ್... ...ರಿಯರ್ ಸ್ಪೆಲಿಂಗ್ ಹೇಳಿ" ಎಂದರು.

ಆಯಮ್ಮ ಮತ್ತೆ ಎಲ್ಲೋ ಮಗನನ್ನು ಇನ್‌ಫೀರಿಯರ್ ಮಾಡಿದ್ದಾರೆ, ಯಾರೋ ಅರ್ಥ ಹುಡುಕುತ್ತಿದ್ದಾರೆ ಎಂದುಕೊಂಡೆ. ಸ್ಪೆಲಿಂಗ್ ಕೇಳುವವರೇ ಇಲ್ಲದ ಕಾಲ, ನನಗೆ ಹಿಗ್ಗೋ ಹಿಗ್ಗು. ಒಂದೊಂದೇ ಅಕ್ಷರ ಬಿಡಿಸಿ ಹೇಳಿದೆ.

"ಮೂರನೇದು ಫ್ಯಾನ್‌ಗೆ ಬರೋ ಎಫ್ಫಾ ಸಾರ್?"

"ಫ್ಯಾನ್‌ದೇ ಕಣಪ್ಪಾ, ಅನುಮಾನವೇ ಬೇಡ."

"ಕೊನೇಲಿ ಎಸ್ ಬೇಕಾ ಸಾರ್?"

"ಒಬ್ಬನೇ ಆದ್ರೆ ಬೇಡ. ಎಷ್ಟು ಜನ?"

"ಪಾರ್ಟ್‌ನರ್ ಸೇರಿ ಇಬ್ರು ಸಾರ್."

"ಹಾಗಾದ್ರೆ ಎಸ್ ಬರಲೇಬೇಕು!"

ಹೆಣ್ಣಿನ ಕಡೆಯವರು ಬರುವ ದಿನ ಶಿಷ್ಯ ಬೆಳಿಗ್ಗೆಯೇ ಬಂದು ನನಗೆ ಶಾಲು ಹೊದಿಸಿ, ಹಾರ ಹಾಕಿ, ಕಾಲಿಗೆ ಬಿದ್ದು, ಅಂಗಡಿಗೆ ಕರೆದುಕೊಂಡು ಹೋದ. ಬೋರ್ಡು ಆಗಷ್ಟೇ ಮೇಲೇರಿತ್ತು. ಬಂದವರನ್ನು ಎದುರುಗೊಳ್ಳುವ ಗಡಿಬಿಡಿಯಲ್ಲಿ ನಾವ್ಯಾರೂ ತಲೆ ಎತ್ತಲಿಲ್ಲ. ಬಂದವರು ಎತ್ತಿದರು.

ಹೆಣ್ಣಿನ ತಂದೆ ತೊದಲುತ್ತ ಗಟ್ಟಿಯಾಗಿ ಓದಿದರು: "ಇನ್... ಫೀ... ರಿಯರ್ಸ್?"

ಬಾಯಿ ಬಿಡಬಾರದೆಂದು ಮೂಲೆಯಲ್ಲಿ ಕೂರಿಸಿದ್ದ ತಾಯಿ ಎದ್ದೇಬಿಟ್ಟರು. "ಹಾಂ, ಅದೇ ಕಣಪ್ಪಾ! ನೋಡಿ ಮೇಷ್ಟ್ರೇ, ನಾನಂದಿದ್ದನ್ನೇ ಬರ್ದವ್ರೆ! ಇಷ್ಟು ದಿನ ನನ್ನ ಬಾಯೇ ತಪ್ಪು ಅಂತಿದ್ರಲ್ಲ!"

ಬಂದವರು ಕಾರಿನ ಕಡೆ ಹೊರಟರು. ಶಿಷ್ಯ ತಲೆ ಎತ್ತಿ ಬೋರ್ಡು ಓದಿ, ನನ್ನ ಮುಖ ನೋಡಿದ. ಅವತ್ತು ಫೋನು ಮಾಡಿದವನು ಬೋರ್ಡು ಬರೆಯುವವನು ಎಂದು ನನಗೆ ಆಗ ಹೊಳೆಯಿತು. ಮೈಮೇಲಿನ ಶಾಲಿನೊಳಗೇ ಅಡಗಿಕೊಳ್ಳೋಣ ಅನ್ನಿಸಿತು. "ಸ್ವಾಮಿ, ನಿಲ್ಲಿ, ತಪ್ಪು ನಂದು!" ಎಂದು ಕೂಗಿದೆ. ವಿಮಾನ ಬಂತು. ಒಬ್ಬರಿಗೂ ಕೇಳಿಸಲಿಲ್ಲ.

ಆದರೆ ಅವರ ಜೊತೆ ಬಂದಿದ್ದ ಹೆಣ್ಣು ಕಾರು ಹತ್ತಲಿಲ್ಲ. ಸೆರಗು ಬಾಯಿಗಿಟ್ಟು ನಗುತ್ತಾ ನಿಂತಿದ್ದಳು. ವಿಮಾನ ದಾಟಿದ ಮೇಲೆ ಹೇಳಿದಳು: "ಅಪ್ಪಾ, ಇಲ್ಲೀತನಕ ನೋಡಿದ ಗಂಡುಗಳೆಲ್ಲ ತಮ್ಮಂಥೋರು ಇಲ್ಲ ಅಂದ್ರು. ತಾನು ಕಡಿಮೆ ಅಂತ ಬೋರ್ಡು ಹಾಕ್ಕೊಂಡಿರೋರು ಇವ್ರೊಬ್ರೇ. ಹೊರಗಡೆ ಇನ್‌ಫೀರಿಯರ್ ಇದ್ರೆ ಇರ್ಲಿ, ಒಳಗಡೆ ಇಂಟೀರಿಯರ್ ಹೆಂಗಿದೆ ನೋಡೋಣ ಬನ್ನಿ."

ಒಳಗೆ ಕೂತರು. ಈ ಸಲ ಕಾಫಿ ಪೂರ್ತಿ ಕುಡಿದರು. ನನ್ನ ಶಿಷ್ಯನಿಗೆ ಏನಾದರೂ ಮಾತಾಡಲೇಬೇಕು ಅನ್ನಿಸಿತು. ಗಂಟಲು ಸರಿಮಾಡಿಕೊಂಡು ಹುಡುಗಿಗೆ ಹೇಳಿದ: "ನಿಜ ಹೇಳ್ಬೇಕು ಅಂದ್ರೆ, ಐ ಆಮ್ ಇನ್‌ಫೀರಿಯರ್ ದ್ಯಾನ್ ಯೂ."

ನಾನು ಬಾಯಿ ತೆರೆದೆ. ನನಗಿಂತ ಮೊದಲೇ ಹುಡುಗಿ ಹೇಳಿದಳು: "ದ್ಯಾನ್ ಅಲ್ಲ, ಟು."

ಮದುವೆ ಅಲ್ಲಿಗೇ ಗಟ್ಟಿಯಾಯಿತು. ಆಮೇಲೆ ಬೋರ್ಡಿನ ಎಫ್ಫಿಗೆ ಬಣ್ಣ ಬಳಿದು ಟಿ ಮಾಡಿದರು. ಬಿಸಿಲು ಬಿದ್ದರೆ ಕೆಳಗಿನ ಎಫ್ಫು ಈಗಲೂ ಇಣುಕುತ್ತದೆ. ಅದಿರಲಿ, ಅಂಥ ಘನಕಾರ್ಯ ಮಾಡಿದ ನನಗೆ ಬೆಳಿಗ್ಗೆಯೇ ಶಾಲು, ಹಾರ ಯಾಕೆ ಬಂದವು ಅಂತೀರಾ? ಅವತ್ತು ಸೆಪ್ಟೆಂಬರ್ ಐದು, ಶಿಕ್ಷಕರ ದಿನಾಚರಣೆ.