ಐರ್ಲೆಂಡಿನ ಅಪ್ಪ, ಸೇಡಂನ ಅವ್ವ

ಅಳುವ ನಾಟಕ ಆಡಲು ಹೊರಟವರ ಬೆನ್ನಿಗೆ ನಗು ಬಿದ್ದಿರುತ್ತದೆಂದು ನನಗೆ ಯಾರೂ ಮೊದಲೇ ಹೇಳಿರಲಿಲ್ಲ. ನಾನು ಸೇಡಂನಲ್ಲಿ ಹೈಸ್ಕೂಲ್ ಟೀಚರ್. ಅಪ್ಪ ತೀರಿಕೊಂಡ ಮರುವರ್ಷ, ಕಲಬುರಗಿಯ ಗೆಳತಿಯೊಬ್ಬಳು ಐರ್ಲೆಂಡ್ ದೇಶದ ಒಂದು ನಾಟಕವನ್ನು ನಮ್ಮ ಕಡೆಯ ಮಾತಿಗೆ ತಂದು ನನ್ನ ಕೈಗಿಟ್ಟಳು. ಅದರಲ್ಲಿರುವುದು ಒಬ್ಬಳೇ ಹೆಂಗಸು. ಅಪ್ಪ ಸತ್ತಿದ್ದಾನೆ, ಮನೆ ತುಂಬ ನೆಂಟರು ಬಂದು ಹೋಗುತ್ತಿದ್ದಾರೆ. ಆಕೆ ಅಪ್ಪನ ಖಾಲಿ ಕುರ್ಚಿಯ ಜೊತೆ ಮಾತಾಡುತ್ತ ಒಮ್ಮೆ ಅಳುತ್ತಾಳೆ, ಒಮ್ಮೆ ನಗುತ್ತಾಳೆ. ಓದಿ ಮುಗಿಸುವಷ್ಟರಲ್ಲಿ ನನಗೂ ಎರಡೂ ಆಗಿತ್ತು. ಆಡುತ್ತೇನೆ ಅಂದೆ. ದೀಪದ ಉಸ್ತುವಾರಿ ನನ್ನ ಗಂಡ ವಹಿಸಿಕೊಂಡರು. ಅಲ್ಲಿಂದ ಶುರುವಾಯಿತು.

ತಾಲೀಮು

ತಾಲೀಮು ನಮ್ಮ ಮನೆಯ ಹಿಂದಿನ ಕೋಣೆಯಲ್ಲೇ. ಒಂದು ಭಾನುವಾರ ಬೆಳಿಗ್ಗೆ ಬಾಗಿಲು ಹಾಕಿಕೊಂಡು ನಾಟಕದ ಮೊದಲ ಅಳು ತೆಗೆದೆ. "ನನ್ನ ಬಿಟ್ಟು ಹೆಂಗ ಹೋದಿ" ಅನ್ನುವ ಮಾತು. ದನಿ ಚಲೋ ಬಂತೆಂದು ಖುಷಿಯಾಗಿ ಮತ್ತೆ ಮತ್ತೆ ತೆಗೆದೆ.

ಪಕ್ಕದ ಮನೆಯಾಕೆಗೆ ಕೇಳಿಸಿತು. ನನ್ನ ಅವ್ವನಿಗೆ ವಯಸ್ಸಾಗಿದೆ, ಹಿಂದಿನ ವಾರವಷ್ಟೇ ಜ್ವರದಿಂದ ಮಲಗಿದ್ದಳು. ಅವ್ವನೇ ಹೋದಳೆಂದು ಪಕ್ಕದ ಮನೆಯಾಕೆ ತಾನೇ ತಿಳಿದುಕೊಂಡು, ಗ್ಯಾಸ್ ಆರಿಸಿ, ಸೆರಗನ್ನು ಕಣ್ಣಿಗೆ ಒತ್ತಿಕೊಂಡೇ ಓಡಿಬಂದಳು. ಬಾಗಿಲು ತೆರೆದವರು ಯಾರೆಂದೂ ನೋಡದೆ ತಬ್ಬಿಕೊಂಡು ಅಳತೊಡಗಿದಳು. ನಿಮ್ಮವ್ವನಂಥ ಹೆಣ್ಣುಮಗಳು ಈ ಓಣಿಯಲ್ಲಿ ಇನ್ನೊಬ್ಬಳಿಲ್ಲ, ಆ ಕೈರುಚಿ ಏನು, ಆ ಮಾತೇನು, ಯಾರಿಗೂ ಒಂದು ಕೆಟ್ಟ ಮಾತು ಅಂದವಳಲ್ಲ ಎಂದೆಲ್ಲ ಹೇಳಿದಳು.

ಬಾಗಿಲು ತೆರೆದದ್ದು ಅವ್ವನೇ. ಆಕೆಯ ಬೆನ್ನು ಸವರುತ್ತ ಎಲ್ಲವನ್ನೂ ಸಮಾಧಾನದಿಂದ ಕೇಳುತ್ತಿದ್ದಳು. ನಾನು ಗಾಬರಿಯಾಗಿ ಹೊರಗೆ ಬಂದರೆ, ಸುಮ್ಮನಿರೆಂದು ನನಗೆ ಕಣ್ಸನ್ನೆ ಮಾಡಿ ಆಕೆಗೆ ಮೆಲ್ಲಗೆ ಹೇಳಿದಳು.

"ಖರೇ ಅದವ್ವ. ಇನ್ನೊಂದೀಟು ಹೇಳು."

ಪರದೇಶದಾಕಿ

ಚಿತ್ತಾಪುರದಲ್ಲಿ ನಾಟಕ ಇಟ್ಟವರು ಬ್ಯಾನರಿನ ಮೇಲೆ 'ಐರ್ಲೆಂಡ್ ದೇಶದ ಏಕವ್ಯಕ್ತಿ ನಾಟಕ' ಎಂದು ಬರೆಸಿದ್ದರು. ಅದು ಬಾಯಿಂದ ಬಾಯಿಗೆ ಹೋಗುತ್ತ ಐರ್ಲೆಂಡ್ ದೇಶದ ವ್ಯಕ್ತಿ ಅಂತಾಗಿ, ಒಬ್ಬ ಬಿಳಿ ಹೆಂಗಸು ಬರುತ್ತಾಳೆಂದು ಸುದ್ದಿಯಾಯಿತು. ಕುರ್ಚಿಗಳೆಲ್ಲ ತುಂಬಿದ್ದವು. ನಾನು ಇಳಕಲ್ ಸೀರೆಯುಟ್ಟು ರಂಗದ ಮೇಲೆ ಬಂದಾಗ ಮುಂದಿನ ಸಾಲಿನವರು ನನ್ನ ಹಿಂದೆ ಯಾರಾದರೂ ಬರುತ್ತಾರೇನೋ ಎಂದು ಬಗ್ಗಿ ನೋಡಿದರು. ಪುಣ್ಯಕ್ಕೆ ಯಾರೂ ಎದ್ದು ಹೋಗಲಿಲ್ಲ.

ಮುಖ್ಯ ಅತಿಥಿಗಳು ಬಂದದ್ದು ನಾಟಕ ಮುಗಿಯುವ ಹೊತ್ತಿಗೆ. ಭಾಷಣವನ್ನು ಅವರು ಮನೆಯಲ್ಲೇ ತಯಾರು ಮಾಡಿಕೊಂಡಿದ್ದರು. ನನಗೆ ಶಾಲು ಹೊದಿಸಿ, ಈ ತಾಯಿ ಕಡಲು ದಾಟಿ ಬಂದಾರ, ನಮ್ಮ ಭಾಷೆ ಕಲಿತಾರ, ಸೀರೆ ಉಡೋದೂ ಕಲಿತಾರ ಎಂದು ಹೊಗಳಿದರು. ಜನ ನಗತೊಡಗಿದ್ದನ್ನು ಅವರು ಮೆಚ್ಚುಗೆ ಎಂದುಕೊಂಡರು. ಕಡೆಗೆ ಸಂಘಟಕರೊಬ್ಬರು ಕಿವಿಯಲ್ಲಿ ಏನೋ ಹೇಳಿದರು. ಅತಿಥಿಗಳು ಮೈಕಿಗೆ ಮತ್ತೆ ಬಾಯಿಟ್ಟರು.

"ಸೇಡಂದಿಂದ ಬಂದಾರಂತ. ಆದ್ರೂ ನನ್ನ ಮಾತು ಹಿಂದ ತೊಗೊಳಂಗಿಲ್ಲ. ಆ ರಸ್ತಾದ ಮ್ಯಾಲ ಬರೂದಕಿಂತ ಕಡಲು ದಾಟೂದು ಹಗುರ."

ದಾಟಿದ ಮ್ಯಾಲ ಅಳ್ರಿ

ವಾಡಿಯಲ್ಲಿ ನಾವು ಹಿಡಿದ ಹಾಲ್ ರೈಲು ಹಳಿಗೆ ಭಾಳ ಹತ್ತಿರ. ನಾಟಕದ ನಡುವೆ ಮಗಳು ಕುರ್ಚಿಯ ಮುಂದೆ ಮೊಣಕಾಲೂರಿ, "ಅಪ್ಪಾ, ಒಂದು ಮಾತು ಕೇಳ್ತೀನಿ" ಎಂದು ಶುರುಮಾಡಿ ಮನಸ್ಸಿನಲ್ಲಿದ್ದುದನ್ನೆಲ್ಲ ತೋಡಿಕೊಂಡು ಅಳುವ ಜಾಗವಿದೆ. ಮೊಣಕಾಲೂರಿದೆ. "ಅಪ್ಪಾ" ಅಂದೆ. ಗೂಡ್ಸ್ ಗಾಡಿ ಬಂತು.

ನೆಲ ನಡುಗುತ್ತಿತ್ತು, ಕುರ್ಚಿಗೆ ಹೊದಿಸಿದ್ದ ಅಪ್ಪನ ಶಾಲು ಮೆಲ್ಲಗೆ ಜಾರತೊಡಗಿತು. ನಾನು ಕೈ ಚಾಚಿದ ಭಂಗಿಯಲ್ಲೇ ಕಾದೆ. ಡಬ್ಬಿಯ ಹಿಂದೆ ಡಬ್ಬಿ ಹೋಗುತ್ತಲೇ ಇತ್ತು. ಕಣ್ಣಿಗೆ ತಂದುಕೊಂಡಿದ್ದ ನೀರು ಆರಿಹೋಯಿತು, ಮೊಣಕಾಲು ಮರಗಟ್ಟಿತು. ಮುಂದಿನ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ ನನ್ನ ಪಾಡು ನೋಡಲಾಗಲಿಲ್ಲ. ರೈಲ್ವೆಯಲ್ಲಿದ್ದು ನಿವೃತ್ತರಾದವರಂತೆ. ಎದ್ದು ರಂಗದ ಅಂಚಿಗೆ ಬಂದು, ಗದ್ದಲದಲ್ಲಿ ಕೇಳಿಸಲೆಂದು ದನಿಯೇರಿಸಿ ಹೇಳಿದರು.

"ಸಿಮೆಂಟಿನ ಗಾಡಿ ಅದ ಟೀಚರ್, ಭಾಳ ಉದ್ದ ಇರ್ತದ. ಆರಾಮ ಕುಂದ್ರಿ. ದಾಟಿದ ಮ್ಯಾಲ ಅಳ್ರಿ."

ಇನ್ನೊಬ್ಬಾಕಿ

ಶಹಾಬಾದಿನಲ್ಲಿ ನೋಡಲು ಬಂದವರೆಲ್ಲ ಹೆಂಗಸರು, ಮಹಿಳಾ ಸಂಘದವರು. ಒಂದು ಮನೆಯ ದೊಡ್ಡ ಪಡಸಾಲೆ, ನೆಲಕ್ಕೆ ಆ ಊರಿನದೇ ತಣ್ಣನೆಯ ಹಾಸುಗಲ್ಲು. ಅಲ್ಲಿ ರಂಗವೂ ಇಲ್ಲ, ಪರದೆಯೂ ಇಲ್ಲ. ನಾನು ಅಳತೊಡಗಿದ್ದೇ ತಡ, ಒಬ್ಬ ಅಜ್ಜಿ ಎದ್ದು ಬಂದು ನನ್ನ ಪಕ್ಕ ಕುಳಿತು, ಕೈ ಹಿಡಿದುಕೊಂಡಳು. ಇದು ನಾಟಕ, ಅಮ್ಮಾ ಎಂದು ಪಿಸುಗುಟ್ಟಿದೆ. ನನಗೂ ಗೊತ್ತದ, ನೀ ಅಳು, ನಾ ಕುಂದರ್ತೀನಿ ಅಂದಳು.

ಸ್ವಲ್ಪ ಹೊತ್ತಿಗೆ ಆಕೆಗೇ ಮಾತು ಬಂತು. ಗಂಡ ಹೋದ ಬೆಳಗಿನ ಕಥೆ ಶುರುಮಾಡಿದಳು. ಆತ ಹಸಿವೆ ಅಂದನಂತೆ, ಹಂಚು ಕಾಯಲಿ ತಡಿ ಎಂದು ಈಕೆ ಹಿಟ್ಟು ನಾದಲು ಕುಳಿತಳಂತೆ. "ಜನ್ಮದಾಗ ಯಾವುದಕ್ಕೂ ಅವಸರ ಮಾಡಿದ ಮನುಷ್ಯಾ ಅಲ್ಲ. ಲಗ್ನದ ದಿವಸ ಸೈತ ತಡಾ ಮಾಡಿ ಬಂದವ. ಅವತ್ತೊಂದಿನ ರೊಟ್ಟಿ ಬೇಯೂತನಕ ನಿಂದರಲಿಲ್ಲ ನೋಡವ್ವ" ಅಂದಳು. ಪಡಸಾಲೆಯ ಹೆಂಗಸರೆಲ್ಲ ನಕ್ಕರು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡರು. ಐರ್ಲೆಂಡಿನವರು ಪುಟಗಟ್ಟಲೆ ಬರೆದದ್ದನ್ನು ಅಜ್ಜಿ ಕುಳಿತಲ್ಲೇ ಆಡಿ ಮುಗಿಸಿದ್ದಳು.

ಮುಂದಿನ ವಾರ ಕಾಳಗಿಯಿಂದ ಫೋನ್ ಬಂತು. ನಿಮ್ಮ ನಾಟಕದ ಬಗ್ಗೆ ಭಾಳ ಕೇಳೀವಿ, ನಮ್ಮಲ್ಲೂ ಆಡಬೇಕು ಅಂದರು. ಆಗಲಿ ಅಂದೆ. ಫೋನ್ ಇಡುವ ಮುಂಚೆ ಆ ಕಡೆಯವರು ಸಂಕೋಚದಿಂದಲೇ ಕೇಳಿದರು.

"ಟೀಚರ್, ತಪ್ಪು ತಿಳ್ಕೋಬ್ಯಾಡ್ರಿ. ಒಬ್ಬರಿಗೇ ಕರಸೋದಿತ್ತಂದ್ರ, ಆ ಅಜ್ಜಿಗೇ ಕರಸಬೇಕಂತ ಮಾಡೀವಿ."

ಚಿಂಚೋಳಿ

ಅವ್ವ ಎಲ್ಲದಕ್ಕೂ ಒಂದು ಮಾತಿಟ್ಟುಕೊಂಡಿರುವವಳು. ಅಪ್ಪನ ವಿಷಯಕ್ಕೆ ಮಾತ್ರ ಬಾಯಿ ತೆರೆಯುತ್ತಿರಲಿಲ್ಲ. ಅಪ್ಪ ಹೋದ ಮೇಲೆ ಆಕೆ ಅತ್ತದ್ದನ್ನು ನಾನು ನೋಡಿಲ್ಲ. ಯಾರಾದರೂ ಅಪ್ಪನ ಸುದ್ದಿ ತೆಗೆದರೆ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆಯುವಳು. ನಾಟಕಕ್ಕೆ ಎಷ್ಟು ಕರೆದರೂ ಬರಲಿಲ್ಲ. ಆಡುತ್ತಿರುವುದು ಐರ್ಲೆಂಡಿನ ಅಪ್ಪನ ಕಥೆ ಎಂದರೂ ಕೇಳಲಿಲ್ಲ. ಆಕೆಗೆ ನೋವಾಗಿದೆಯೇನೋ, ಇದನ್ನು ಆಡಲೇಬಾರದಿತ್ತೇನೋ ಎಂದು ನನಗೆ ಒಳಗೊಳಗೇ ಅನಿಸುತ್ತಿತ್ತು.

ಚಿಂಚೋಳಿ ಅವ್ವನ ತವರು. ಅಲ್ಲಿ ನಾಟಕ ಎಂದಾಗ, ತಮ್ಮನ ಮನೆಗೆ ಹೋಗಿ ಬಹಳ ದಿನವಾಯಿತು, ನಿಮ್ಮ ಗಾಡಿಯಲ್ಲೇ ಬರುತ್ತೇನೆ ಅಂದಳು. ನಾಟಕದ ಮಾತೆತ್ತಲಿಲ್ಲ. ಸಂಜೆ ನಾನು ರಂಗಕ್ಕೆ ಬಂದು ನೋಡಿದರೆ, ಮುಂದಿನ ಸಾಲಿನಲ್ಲಿ ತನ್ನ ತಮ್ಮನ ಹೆಂಡತಿಯ ಪಕ್ಕ ಅವ್ವ ಕುಳಿತಿದ್ದಾಳೆ, ಕೈಕಟ್ಟಿಕೊಂಡು. ನಗಿಸುವ ಜಾಗದಲ್ಲಿ ಎಲ್ಲರೂ ನಕ್ಕರು, ಅವ್ವ ನಗಲಿಲ್ಲ. ಅಳುವ ಜಾಗದಲ್ಲಿ ಅವ್ವನ ಕಡೆ ನೋಡಲು ನನಗೇ ಧೈರ್ಯ ಬರಲಿಲ್ಲ.

ಕೊನೆಯ ದೃಶ್ಯದಲ್ಲಿ ನೆಂಟರೆಲ್ಲ ಹೋಗಿದ್ದಾರೆ. ಐರ್ಲೆಂಡಿನಲ್ಲಿ ಆಗ ಮಗಳು ಅಪ್ಪನ ಹೆಸರಿನಲ್ಲಿ ಒಂದು ಗ್ಲಾಸಿಗೆ ವಿಸ್ಕಿ ಹಾಕಿಡುತ್ತಾಳಂತೆ. ನಾವು ಅದನ್ನು ಚಹಾ ಮಾಡಿದ್ದೆವು. ನಾನು ಕಪ್ಪಿಗೆ ಚಹಾ ಬಗ್ಗಿಸಿ, ಸಕ್ಕರೆ ಡಬ್ಬಿಗೆ ಚಮಚ ಹಾಕಿ, ಖಾಲಿ ಕುರ್ಚಿಯ ಕಡೆ ತಿರುಗಿ, "ಅಪ್ಪಾ, ಚಹಾ ಕುಡೀತೀ?" ಎಂದು ಕೇಳಬೇಕು. ಉತ್ತರವಿಲ್ಲ. ದೀಪ ಆರುತ್ತದೆ. ನಾಟಕ ಅಷ್ಟೇ.

ಕೇಳಿದೆ. ಮುಂದಿನ ಸಾಲಿನಿಂದ ಅವ್ವನ ದನಿ ಬಂತು.

"ಸಕ್ಕರಿ ಹಾಕಬ್ಯಾಡ. ಅವರಿಗಿ ಶುಗರ್ ಅದ."

ಹಾಲ್ ಒಮ್ಮೆಗೇ ನಕ್ಕಿತು, ಮರುಗಳಿಗೆಯೇ ಸುಮ್ಮನಾಯಿತು. ನನ್ನ ಗಂಡ ದೀಪ ಆರಿಸುವುದನ್ನು ಮರೆತು ನಿಂತುಬಿಟ್ಟಿದ್ದರು. ಅವ್ವನ ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುತ್ತಿರಲಿಲ್ಲ. ಯಾವಾಗಲೂ ಆಕೆ ಹೇಳಿದ್ದನ್ನು ಮಾಡುವ ಹಾಗೆ, ಚಮಚವನ್ನು ತೆಗೆದು ಕೆಳಗಿಟ್ಟೆ.

ಅವ್ವ ಆ ಕುರ್ಚಿಯನ್ನೇ ಸ್ವಲ್ಪ ಹೊತ್ತು ನೋಡಿದಳು.

"ಇರ್ಲಿ, ಒಂದು ಚಮಚಾ ಹಾಕು," ಅಂದಳು. "ಇನ್ನೇನಾಗೋದದ ಅವರಿಗಿ."