ಹಸಿರು ಪೊಟ್ಟಣ ತಿಂದವಳು

ಕಂಪ್ಯೂಟರಿನ ಹೊಟ್ಟೆ ಚಿಕ್ಕದಾದರೆ ಉಳಿತಾಯ ಮಾಡೋಕೆ ಒಳಗೇ ಸ್ವಿಚ್ಚುಗಳಿರುತ್ತವೆ ಅಂತ ನಾನು ಮೊದಲು ಕೇಳಿದ್ದು, ಹಾಲುಮೀನಿನ ಮುಳ್ಳು ಬಿಡಿಸುತ್ತಾ ಕೂತಿದ್ದ ಒಂದು ಬೆಳಿಗ್ಗೆ. ನಮ್ಮ ಮುದುಕರು (ಹೆಸರು ಬೂನ್-ಕಿಯೆಟ್, ರೇಡಿಯೋ ರಿಪೇರಿ ಅಂಗಡಿ ಮುಚ್ಚಿ ಮನೆಯಲ್ಲಿ ಕೂತವರು) ಬೀದಿಯ ದೇವಸ್ಥಾನದಿಂದ ಮುಖ ಸಪ್ಪಗೆ ಮಾಡಿಕೊಂಡು ಬಂದರು.

"ಲಿಯಾವ್ ಅಧ್ಯಕ್ಷರು ದೇವಸ್ಥಾನದ ಕಂಪ್ಯೂಟರನ್ನ ಗುಜರಿಗೆ ಹಾಕ್ತಾರಂತೆ. ಮುದುಕರಿಗೆ ಮರ್ಯಾದೆ ಮಾಡೋ ಹಿರಿಯರ ಹಬ್ಬದ ದಿನ ಹಾಡು ನಿಂತು ನಿಂತು ಬಂದರೆ ಹೊಸದು ತರ್ತಾರಂತೆ. ನೋಡ್ಕೊಳ್ಳೋಕೆ ಅವರ ಸೋದರಳಿಯ."

"ಒಳ್ಳೇದಾಯ್ತು, ನೀವು ಮನೇಲಿರಿ."

"ಮನೇಲಿ ಏನು ಮಾಡ್ಲಿ?"

(ಮೀನಿನ ಬುಟ್ಟಿ ತೋರಿಸಬಹುದಿತ್ತು. ತೋರಿಸಲಿಲ್ಲ.) ಆ ಡಬ್ಬಕ್ಕೆ ಮದ್ದು ಮಾಡುವವರು ಅಂತಲೇ ಅಂಗಡಿ ಮುಚ್ಚಿದ ಮೇಲೂ ಬೀದಿಯವರು ಅವರನ್ನು 'ಮೇಸ್ತ್ರಿಗಳೇ' ಅನ್ನುತ್ತಿದ್ದರು. ಡಬ್ಬ ಹೋದರೆ ಆ ಮಾತೂ ಹೋಗುತ್ತಿತ್ತು. ಬರೀ ಮುದುಕನಾಗಿ ಉಳಿಯೋದು ಗಂಡಸಿಗೆ ಕಷ್ಟ.

"ಕರ್ನೆಲ್ ಅಂತ ಒಂದಿದೆ," ಅಂದರು. "ಕಂಪ್ಯೂಟರಿನ ಮನೆಯೊಡತಿ ಅನ್ಕೋ. ಯಾರಿಗೆ ಎಷ್ಟು ಜಾಗ ಅಂತ ಹಂಚೋಳು ಅವಳೇ. ಅವಳಿಗೆ ಉಳಿತಾಯ ಕಲಿಸ್ತೀನಿ."

"ಗಂಡಸರು ಮನೆಯೊಡತಿಗೆ ಉಳಿತಾಯ ಕಲಿಸಿ ಉದ್ಧಾರವಾದ ಮನೆ ನಾನಂತೂ ನೋಡಿಲ್ಲ."

"ಕೇಳು ಮುದುಕಿ. ಇಬ್ಬರ ಹತ್ರ ಒಂದೇ ತರದ್ದು ಇದ್ದರೆ, ಒಂದನ್ನೇ ಇಟ್ಕೊಂಡು ಇಬ್ಬರಿಗೂ 'ಇದು ನಿಂದೇ' ಅಂತಾಳೆ. ಸದ್ಯಕ್ಕೆ ಬೇಡದ್ದನ್ನ ಹಿಂಡಿ ಪೆಟ್ಟಿಗೇಲಿಡ್ತಾಳೆ. ಆಗಲೂ ಜಾಗ ಸಾಲದಿದ್ದರೆ, ಎಲ್ಲರಿಗಿಂತ ಹೆಚ್ಚು ತಿನ್ನೋನನ್ನ ಹಿಡಿದು ಆಚೆಗೆ ದಬ್ತಾಳೆ."

"ಹಾಗಾದರೆ ನೀವಿನ್ನೂ ಈ ಮನೇಲಿರೋದು ನನ್ನ ದೊಡ್ಡತನ."

ಹಬ್ಬದ ತನಕ ಅವರು ಮನೆಯ ಕಂಪ್ಯೂಟರಿನಲ್ಲಿ ಆ ಮಹಾಮನೆಯೊಡತಿಯನ್ನು ತಿದ್ದಿ ತೀಡಿ, ಕೊನೆಗೆ ದೇವಸ್ಥಾನದ್ದಕ್ಕೆ ಪ್ರತಿಷ್ಠಾಪನೆ ಮಾಡಿದರು. ಎರಡರ ತಲೆಯ ಮೇಲೂ, ಹಠ ಮಾಡದಿರಲಿ ಅಂತ, ಹಸಿರು ಪೊಟ್ಟಣದ ಜೋಳದ ತಿಂಡಿ ಒಂದೊಂದು ಇಟ್ಟಿದ್ದರು. ಇಡದೆ ಕಂಪ್ಯೂಟರ್ ನಡೆಸುವ ಧೈರ್ಯವಂತರು ನಮ್ಮ ಬೀದಿಯಲ್ಲಿಲ್ಲ.

ಹಬ್ಬದ ಬೆಳಿಗ್ಗೆ ದೇವಸ್ಥಾನದ ಅಂಗಳ ಗುಡಿಸಿ ಗುಡಿಸಿ ನನಗೆ ಹಸಿವಾಯಿತು. ಪೊಟ್ಟಣ ಕಂಡಿತು. ಮನೆಯಲ್ಲೊಂದು, ಇಲ್ಲೊಂದು, ಎರಡೂ ಒಂದೇ ತರ. ಮನೆಯದನ್ನೇ ಎರಡು ಕಂಪ್ಯೂಟರೂ ತನ್ನದು ಅಂದುಕೊಂಡರಾಯಿತು! ಗಂಡನ ಪಾಠ ಮೊದಲ ಸಲ ತಲೆಗೆ ಹತ್ತಿದ್ದಕ್ಕೆ ಹೆಮ್ಮೆಪಡುತ್ತಾ, ಅಡುಗೆಮನೆಯ ಹಿಂದೆ ಕೂತು ಚಹಾದ ಜೊತೆ ಪೊಟ್ಟಣ ಖಾಲಿ ಮಾಡಿದೆ.

ಸಂಜೆ ಡಬ್ಬದ ಹಾಡಿನ ಜೊತೆ ಹಾಡೋಕೆ ಲಿಯಾವ್ ಅಧ್ಯಕ್ಷರು ಮೈಕು ಹಿಡಿದರು. ಎರಡನೆಯ ಚರಣದಲ್ಲಿ ಕಣ್ಣು ಮುಚ್ಚಿ ಕೈ ಮೇಲೆತ್ತಿದ್ದರು, ಪರದೆ ಕಪ್ಪಾಯಿತು. ಮನೆಯೊಡತಿ ಎಲ್ಲರಿಗಿಂತ ಹೆಚ್ಚು ತಿನ್ನೋನನ್ನು ಆಚೆಗೆ ದಬ್ಬಿದ್ದಳು. ಅವನು ಹಾಡೇ ಆಗಿದ್ದ. ಅಧ್ಯಕ್ಷರ ಕೈ ಮಾತ್ರ ಮೇಲೆಯೇ ಉಳಿಯಿತು.

ಸೋದರಳಿಯ ಓಡಿಬಂದ. ಡಬ್ಬದ ಒಳಗೆ ನೋಡಲಿಲ್ಲ, ಮೇಲೆ ನೋಡಿದ. "ಪೊಟ್ಟಣ ಎಲ್ಲಿ?"

ನನ್ನ ಎದೆಯ ಮೇಲೆ ಜೋಳದ ಪುಡಿ ಇನ್ನೂ ಇತ್ತು.

"ಅತ್ತಿಗೆ," ಅಂದರು ಅಧ್ಯಕ್ಷರು ಮೈಕಿನಲ್ಲೇ, "ಹಸಿವಾಗಿದ್ದರೆ ನಮ್ಮನ್ನ ಕೇಳಬಾರದಿತ್ತಾ?"

ನಮ್ಮವರು ಆ ಪುಡಿಯನ್ನೇ ಕಣ್ಣಿಟ್ಟು ನೋಡಿದರು. ಆಮೇಲೆ ನಿಧಾನವಾಗಿ ಹೇಳಿದರು, "ಉಳಿತಾಯದ ಕೆಲಸದಲ್ಲಿ ತಪ್ಪಿರಲಿಲ್ಲ. ಮನೆಯಾಕೆಯ ಬಾಯಿ ಕಟ್ಟೋದು ನನ್ನಿಂದ ಆಗಲಿಲ್ಲ."

ಮಾರನೆಯ ದಿನ ಅವರು ಒಳಗೆ ಏನೋ ಸ್ವಲ್ಪ ಕೈಯಾಡಿಸಿದರು, ಮೇಲೆ ಹೊಸ ಪೊಟ್ಟಣ ಇಟ್ಟರು. ಡಬ್ಬ ಸೊಗಸಾಗಿ ಹಾಡಿತು. ಇನ್ನೇನು ಸಾಕ್ಷಿ ಬೇಕು? ಅವರು ಮೇಸ್ತ್ರಿಗಳಾಗಿಯೇ ಉಳಿದರು. ನಾನು 'ಪೊಟ್ಟಣದ ಅತ್ತಿಗೆ' ಆದೆ. ಅಂದಿನಿಂದ ಪೊಟ್ಟಣ ಹಳತಾಗುವ ಮುಂಚೆ ಬದಲಾಯಿಸಿ, ಡಬ್ಬಕ್ಕೆ ಕೈಮುಗಿದು ಬರೋದು ನನ್ನ ಪ್ರಾಯಶ್ಚಿತ್ತ.

ನಮ್ಮವರು ತೀರಿಕೊಂಡರು. ಲಿಯಾವ್ ಅಧ್ಯಕ್ಷರೂ ಈಗಿಲ್ಲ, ಮೈಕಿಲ್ಲದ ಊರಿಗೆ ಹೋದರು. ಅದಕ್ಕೇ ಉಳಿದದ್ದನ್ನು ಬರೆಯುತ್ತಿದ್ದೇನೆ. ನಮ್ಮವರು ಆಸ್ಪತ್ರೆಯಲ್ಲಿದ್ದಾಗ ಅಧ್ಯಕ್ಷರು ನೋಡಲು ಬಂದು, ನರ್ಸಿಗೆ ಪೊಟ್ಟಣದ ಕಥೆ ಹೇಳಿ, ನಗಿಸಿ ಹೋದರು. ಅವರ ಹೆಜ್ಜೆ ಸಪ್ಪಳ ನಿಂತ ಮೇಲೆ ನಮ್ಮವರು ಸೂರು ನೋಡುತ್ತಾ ಅಂದರು:

"ಹಿಂಡಿಡೋ ಪೆಟ್ಟಿಗೆ ಮಾಡಿದ್ದೆ. ಅದರೊಳಗೆ ಸಾಮಾನು ಸಾಗಿಸೋ ಬಾಗಿಲಿಗೇ ಬೇರೆ ಸ್ವಿಚ್ಚಿತ್ತು. ಉಳಿತಾಯ ಅಂತ ಅದನ್ನೂ ಆರಿಸಿಬಿಟ್ಟಿದ್ದೆ, ಅದಕ್ಕೇ ಹಾಡು ಆಚೆ ಬಿತ್ತು. ಮಾರನೇ ದಿನ ಹಾಕಿದೆ."

ಕಿತ್ತಳೆ ಸುಲಿಯುತ್ತಿದ್ದ ನನ್ನ ಕೈ ನಿಂತಿತು. "ಹಾಗಾದರೆ ಇಷ್ಟು ವರ್ಷ ನಾನು ಕೈಮುಗಿದದ್ದು?"

"ತಿಂದದ್ದಂತೂ ತಿಂದಿದ್ದೆಯಲ್ಲ."

ಬೈಯೋಣ ಅಂತ ಬಾಯಿ ತೆರೆದೆ. ಅಷ್ಟರಲ್ಲಿ ನನ್ನ ಅಂಗಿಯ ತೋಳಿನ ತುದಿಯನ್ನು ಎರಡು ಬೆರಳಲ್ಲಿ ಹಿಡಿದು ಕೇಳಿದರು, "ನಾನು ಹೋದಮೇಲೂ ತಿಂದು ಕೆಡಿಸಿದವಳು ನೀನೇ ಆಗಿರ್ತೀಯಾ, ಮುದುಕಿ?"